ಬೇಳೆ ಆರಿಸಿ ಕೌನ್ಸಿಲ್ ಟ್ಯಾಕ್ಸ್ ಕಟ್ಟಿದ್ದು

ಇವತ್ತು ಮಾಡಿದ ಕೆಲಸಗಳು: ಆರೂವರೆಗೆ ಎದ್ದು ಹಾಲು ಕಾಯಿಸಿದ್ದು. ನಮ್ಮವರ ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ. ಕಸದ ಬ್ರೌನ್ ಬಿನ್ ಎಳೆದು ಬೀದಿ ಬದಿಗೆ ನಿಲ್ಲಿಸಿದ್ದು. ಬಿಸಿಲು ಬಂತೆಂದು ಬಟ್ಟೆ ಹೊರಗೆ ಹರವಿದ್ದು, ಹನಿ ಬಿತ್ತೆಂದು ಒಳಗೆ ತಂದದ್ದು, ಮೋಸ ಹೋದೆನೆಂದು ಮತ್ತೆ ಹೊರಗೆ ಹರವಿದ್ದು. ಹನ್ನೊಂದರಿಂದ ಒಂದರವರೆಗೆ ಇನ್ನೂರು ಜನರ ಎದುರು ಕೂತು ಎರಡು ಕಿಲೋ ತೊಗರಿಬೇಳೆ ಆರಿಸಿದ್ದು. ಊಟವಾದ ಮೇಲೆ ಬ್ಯಾಂಕಿನ ಆ್ಯಪ್ ತೆರೆದು ನೋಡಿ, ಮುಚ್ಚಿ, ನಂಬದೆ ಮತ್ತೆ ತೆರೆದು ನೋಡಿದ್ದು. ಕೌನ್ಸಿಲ್‌ಗೆ ಫೋನ್ ಮಾಡಿ ನಮ್ಮ ಬ್ರೌನ್ ಬಿನ್ ಯಾಕೆ ಎತ್ತಿಲ್ಲವೆಂದು ಅಧಿಕಾರದಿಂದ ಕೇಳಿದ್ದು. ಈ ವಾರ ನೀಲಿ ಬಿನ್ನಿನ ಸರದಿ ಎಂದು ಆ ಹುಡುಗಿ ಹೇಳಿದಾಗ ಅಷ್ಟೇ ಅಧಿಕಾರದಿಂದ ಥ್ಯಾಂಕ್ಯೂ ಹೇಳಿ ಫೋನ್ ಇಟ್ಟದ್ದು.

ಹೀಗೆ ಪಟ್ಟಿ ಬರೆದಿಡುವುದು ನನ್ನ ಹಳೇ ಚಾಳಿ. ದೊಡ್ಡವರು ದೊಡ್ಡ ವಿಷಯ ಬರೆದುಕೊಳ್ಳಲಿ, ಹಾಲು ಉಕ್ಕಿದ್ದನ್ನೂ ಯಾರಾದರೂ ಬರೆಯಬೇಕಲ್ಲ. ಆದರೆ ಈ ಪಟ್ಟಿಯಲ್ಲಿ ಒಂದು ಬಾಬತ್ತು ನಿಮಗೆ ಗಂಟಲಲ್ಲಿ ಸಿಕ್ಕಿರಬೇಕು. ಇನ್ನೂರು ಜನರ ಎದುರು ಬೇಳೆ ಆರಿಸುವುದು ಎಂದರೇನು? ಅದನ್ನು ಹೇಳಬೇಕಾದರೆ ಕೌನ್ಸಿಲ್ ಟ್ಯಾಕ್ಸಿನಿಂದಲೇ ಶುರು ಮಾಡಬೇಕು.

ನಮ್ಮವರು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಸ್ಟಾಕ್‌ಪೋರ್ಟಿನ ಈ ಮನೆಯ ಮಾರ್ಟ್‌ಗೇಜು, ಕಾರು, ಮಗಳು ಮೇಘನಾಳ ಓದು ಎಲ್ಲ ಅವರ ಸಂಬಳದ್ದು. ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ನಗರಸಭೆಗೆ ಕಟ್ಟುವ ಮನೆಗಂದಾಯ, ಅದು ಮಾತ್ರ ನನ್ನದು. ನಾನು ಒಂದು ಚಿಕ್ಕ ಜಿಪಿ ಸರ್ಜರಿಯಲ್ಲಿ ಹನ್ನೊಂದು ವರ್ಷ ರಿಸೆಪ್ಷನಿಸ್ಟ್ ಆಗಿದ್ದೆ. (ಸರ್ಜರಿ ಎಂದರೆ ಚಾಕು ಚೂರಿ ಇಲ್ಲ, ಇಲ್ಲಿ ಬೀದಿ ಡಾಕ್ಟರ ಕ್ಲಿನಿಕ್ಕಿಗೆ ಹಾಗನ್ನುತ್ತಾರೆ.) ಆ ಸಂಬಳದಲ್ಲಿ ಏಪ್ರಿಲ್‌ನಿಂದ ಜನವರಿವರೆಗೆ ತಿಂಗಳಿಗೊಂದು ಕಂತು ಹೋಗುತ್ತಿತ್ತು, ಫೆಬ್ರವರಿ-ಮಾರ್ಚ್ ಬಿಡುವು. ನೋಡುವುದಕ್ಕೆ ಸಣ್ಣ ವಿಷಯ. ಆದರೆ ಬೀದಿ ದೀಪ ಮಿಣುಕಿದರೆ, ರಸ್ತೆಯಲ್ಲಿ ಗುಂಡಿ ಬಿದ್ದರೆ ಫೋನ್ ಎತ್ತುತ್ತಿದ್ದವಳು ನಾನು. ‘ನಾನು ಟ್ಯಾಕ್ಸ್ ಕಟ್ಟುವವಳು’ ಎಂದು ಹೇಳುವಾಗ ನನ್ನ ಇಂಗ್ಲಿಷ್ ಕೂಡ ನೆಟ್ಟಗಾಗುತ್ತಿತ್ತು. ಹೋದ ವರ್ಷ ಬೇಸಿಗೆಯಲ್ಲಿ ಇಬ್ಬರು ಡಾಕ್ಟರೂ ನಿವೃತ್ತರಾಗಿ ಸರ್ಜರಿ ಮುಚ್ಚಿತು. ಕೇಕು, ಕಾರ್ಡು, ಹೂಗುಚ್ಛ ಹಿಡಿದುಕೊಂಡು ಮನೆಗೆ ಬಂದೆ. ನಮ್ಮವರು ಪ್ರೀತಿಯಿಂದಲೇ ಅಂದರು, “ಯೋಚನೆ ಮಾಡಬೇಡ ಶಾಲಿನಿ, ಆ ಕೌನ್ಸಿಲ್ ಟ್ಯಾಕ್ಸ್ ನನ್ನ ಅಕೌಂಟಿಗೆ ಹಾಕಿಬಿಡೋಣ.”

ಯಾರೋ ಮನೆಯ ಬೀಗದ ಕೈ ಕೇಳಿದ ಹಾಗಾಯಿತು ನನಗೆ. “ಇರಲಿ ರೀ, ಈ ಜನವರಿವರೆಗೆ ನನ್ನ ಉಳಿತಾಯದಲ್ಲಿ ಕಟ್ಟುತ್ತೇನೆ” ಎಂದೆ. “ಆಮೇಲೆ?” ಎಂದರು. “ಆಮೇಲೆ ಏಪ್ರಿಲ್ ಬಂದಾಗ ನೋಡೋಣ.” ಅಂದದ್ದೇನೋ ಅಂದೆ. ಏಪ್ರಿಲ್ ಬಂದೇ ಬರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಮೇಘನಾ ಲೀಡ್ಸ್ ಯೂನಿವರ್ಸಿಟಿಗೆ ಹೋದಳು. ಎರಡನೇ ವಾರ ಫೋನ್ ಮಾಡಿ, ಓದಲಿಕ್ಕೇ ಆಗುತ್ತಿಲ್ಲ, ರೂಮು ತುಂಬಾ ಸೈಲೆಂಟ್ ಎಂದು ಅತ್ತಳು. ಹುಟ್ಟಿದಾಗಿನಿಂದ ಮಿಕ್ಸಿಯ ಗದ್ದಲ, ಕುಕ್ಕರಿನ ಸೀಟಿ, ನನ್ನ ವಟವಟ ಇವುಗಳ ಮಧ್ಯೆ ಓದಿದ ಮಗು. ‘ಸ್ವಲ್ಪ ಸದ್ದು ಕಡಿಮೆ ಮಾಡಮ್ಮಾ’ ಎಂದು ಹದಿನೆಂಟು ವರ್ಷ ಬೈದವಳು ಈಗ ಆ ಸದ್ದಿಲ್ಲದೆ ಸೊರಗಿದ್ದಳು. ಅವಳೇ ಒಂದು ಉಪಾಯ ಹುಡುಕಿದಳು. ಹುಡುಗರು ವಿಡಿಯೊ ಗೇಮ್ ಆಡುವುದನ್ನು ಜಗತ್ತಿಗೆಲ್ಲ ಆ ಕ್ಷಣವೇ ತೋರಿಸುವ ಒಂದು ಜಾಲತಾಣ ಇದೆಯಂತೆ. ಅದರಲ್ಲಿ ನನ್ನ ಹೆಸರಿಗೆ ಒಂದು ಚಾನೆಲ್ ತೆರೆದು, ಅಡಿಗೆಮನೆಯ ಕಿಟಕಿಯ ಮೇಲೆ ಕ್ಯಾಮೆರಾ ಇಡಿಸಿದಳು. “ನೀನು ಏನೂ ಮಾಡಬೇಡಮ್ಮಾ. ಜಸ್ಟ್ ಬಿ ದೇರ್,” ಎಂದಳು.

ಇದ್ದೆ. ಇರುವುದು ನನಗೆ ಚೆನ್ನಾಗಿ ಬರುತ್ತದೆ. ದಿನಾ ಹನ್ನೊಂದಕ್ಕೆ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತ, ಸೊಪ್ಪು ಬಿಡಿಸುತ್ತ, ಅವತ್ತು ಮಾಡಿದ ಕೆಲಸಗಳ ಪಟ್ಟಿ ಒಪ್ಪಿಸುತ್ತಿದ್ದೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಮೊದಲು ಮೇಘನಾ ಒಬ್ಬಳು. ಆಮೇಲೆ ಅವಳ ಜೊತೆಯ ಹುಡುಗಿಯರು. ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಾರದ ನರ್ಸುಗಳು ಬಂದರು, ಮಗು ಮಲಗಿಸುವ ತಾಯಂದಿರು ಬಂದರು. ವಿಗನ್ ಊರಿನ ಡೋರೀನ್ ಎಂಬ ಎಪ್ಪತ್ತು ದಾಟಿದ ಹೆಂಗಸು ಮೊದಲ ತಿಂಗಳಲ್ಲೇ ಬಂದವಳು. ಹನ್ನೊಂದು ಹೊಡೆಯುತ್ತಲೇ ಪರದೆಯ ಪಕ್ಕದಲ್ಲಿ ಅವಳ ಅಕ್ಷರ ಮೂಡುತ್ತಿತ್ತು: ‘ಇವತ್ತು ರಾತ್ರಿ ಊಟಕ್ಕೆ ಏನು, ಲವ್?’ (ಈ ಕಡೆಯವರು ಸಿಕ್ಕಿದವರನ್ನೆಲ್ಲ ಅಕ್ಕರೆಯಿಂದ ಹಾಗೇ ಕರೆಯುತ್ತಾರೆ.)

ಒಂದು ಗುಟ್ಟು ಹೇಳುತ್ತೇನೆ. ಇಲ್ಲಿನ ಪ್ಯಾಕೆಟ್ ಬೇಳೆಯಲ್ಲಿ ಕಲ್ಲೇ ಇರುವುದಿಲ್ಲ. ಆದರೂ ಕೈ ಕೇಳುವುದಿಲ್ಲ, ಆರಿಸುತ್ತೇನೆ. ನವೆಂಬರಿನಲ್ಲಿ ಒಂದು ದಿನ ನಿಜವಾಗಿಯೂ ಒಂದು ಕಲ್ಲು ಸಿಕ್ಕಿತು! ಎತ್ತಿ ಕ್ಯಾಮೆರಾಕ್ಕೆ ತೋರಿಸಿದೆ. ನೋಡುವವರೆಲ್ಲ ಗೆದ್ದ ಫುಟ್‌ಬಾಲ್ ತಂಡದವರ ಹಾಗೆ ಕುಣಿದಾಡಿದರು. ಅಷ್ಟರಲ್ಲಿ ಮೇಘನಾ ಚಾನೆಲ್ಲಿಗೆ ಚಂದಾ ಗುಂಡಿಯನ್ನೂ ಜೋಡಿಸಿದ್ದಳು. ಪತ್ರಿಕೆಗೆ ಕಟ್ಟುವ ಹಾಗೆ ತಿಂಗಳಿಗಿಷ್ಟು ಎಂದು ಕೊಡುವುದು. ಕಂಪನಿಗೆ ಅರ್ಧ, ನನಗೆ ಅರ್ಧ. ಕೊಟ್ಟವರ ಹೆಸರಿನ ಪಕ್ಕ ಮೇಘನಾ ಬರೆದ ಪುಟ್ಟ ಒಗ್ಗರಣೆ ಡಬ್ಬಿಯ ಚಿತ್ರ. ಆ ಒಂದು ಕಲ್ಲಿಗೆ ಹನ್ನೊಂದು ಜನ ಚಂದಾದಾರರಾದರು.

ಡಿಡ್ಸ್‌ಬರಿಯಲ್ಲಿರುವ ನನ್ನ ಗೆಳತಿ ಶಕೀಲಾ ಹುಬ್ಬಳ್ಳಿಯವಳು. ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು. “ಅಲ್ಲ ಶಾಲಿನಿ, ನೀ ಬ್ಯಾಳಿ ಆರಸೋದ್ನ ನೋಡಾಕ ಮಂದಿ ರೊಕ್ಕ ಕೊಡ್ತಾರಾ? ನಮ್ಮ ಅಮ್ಮೀಜಾನ್ ಇದ್ದಿದ್ರ ಇಷ್ಟೊತ್ತಿಗೆ ವಿಮಾನ ತಗೋತಿದ್ಲು ಬಿಡು.” ನಾನು ಕಲ್ಲಿನ ಮಹಿಮೆ ಹೇಳಿದೆ. “ಹಂಗಾರ ತೋಟದಾಗಿಂದ ನಾಕು ಕಲ್ಲ ತಂದು ನೀನ ಹಾಕ್ಕೋಳವಾ, ಚಿಂತಿ ಯಾಕ?” ಎಂದಳು. ಒಂದು ಗಳಿಗೆ ಮನಸ್ಸು ಹಿತ್ತಿಲ ಕಡೆ ಹೋದದ್ದು ಸುಳ್ಳಲ್ಲ.

ಎಂಬತ್ತು ಚಂದಾದಾರರಿದ್ದರೆ ಒಂದು ಕಂತು ಹುಟ್ಟುತ್ತದೆ ಎಂದು ಮೇಘನಾ ಲೆಕ್ಕ ಹಾಕಿದ್ದಳು. ಜನವರಿಯಲ್ಲಿ ಎಪ್ಪತ್ತನಾಲ್ಕು ಮುಟ್ಟಿದಾಗ ನಾನು ಮನಸ್ಸಿನಲ್ಲೇ ಕೌನ್ಸಿಲ್‌ಗೆ ಎರಡು ದೂರು ತಯಾರು ಮಾಡಿಟ್ಟುಕೊಂಡೆ. ಆದರೆ ಚಂದಾ ಎಂಬುದು ಮೊಸರಿನ ಹಾಗೆ. ಹೆಪ್ಪಾಯಿತು ಎಂದು ಪಾತ್ರೆ ಅಲುಗಿಸಿದಿರೋ, ಇಲ್ಲ. ಫೆಬ್ರವರಿಯಲ್ಲಿ ಕ್ರಿಸ್‌ಮಸ್ ಹಬ್ಬದ ಉತ್ಸಾಹ ಇಳಿದು, ಜನ ಕಾರ್ಡಿನ ಬಿಲ್ಲು ನೋಡಿ, ಒಬ್ಬೊಬ್ಬರಾಗಿ ಎದ್ದು ಹೋದರು. ಐವತ್ತೊಂದಕ್ಕೆ ಬಂತು. ನಮ್ಮವರು ಏನೂ ಅನ್ನಲಿಲ್ಲ. ಹೊಸ ವರ್ಷದ ಟ್ಯಾಕ್ಸ್ ಕಾಗದ ಬಂದಾಗ ಅದನ್ನು ಡಬ್ಬಿಯ ಪಕ್ಕ ನನಗೆ ಕಾಣುವ ಹಾಗೆ ಇಟ್ಟು ಕೆಲಸಕ್ಕೆ ಹೋದರು. ಅನ್ನದೇ ಇರುವುದರಲ್ಲಿ ಅವರದು ಪಳಗಿದ ಕೈ. ಅವರ ರೋಗಿಗಳೂ ಮರುಮಾತಾಡುವುದಿಲ್ಲವಲ್ಲ.

“ಕೊಟ್ಟವರಿಗೂ ಕೊಡದವರಿಗೂ ಒಂದೇ ಆದರೆ ಯಾರು ಕೊಡುತ್ತಾರಮ್ಮಾ?” ಎಂದಳು ಮೇಘನಾ, ಇಂಗ್ಲಿಷಿನಲ್ಲಿ. ವಾರಕ್ಕೊಂದು ವಿಶೇಷ ದಿನ ಮಾಡೋಣ, ಗುರುವಾರ ಎಲ್ಲರೂ ನೋಡಬಹುದು, ಆದರೆ ಚಂದಾದಾರರು ಮಾತ್ರ ಮಾತಾಡಬಹುದು ಎಂದಳು. ನನಗೆ ಎಲ್ಲೋ ಚುಚ್ಚಿತು. ನಮ್ಮ ಅಜ್ಜಿ ಮೈಸೂರಿನಲ್ಲಿ ಮದುವೆಮನೆಯ ಬಡಿಸುವವರ ಮೇಲೆ ಹದ್ದಿನ ಕಣ್ಣಿಟ್ಟವಳು. ಒಂದು ಸಾಲಿನಲ್ಲಿ ಎಲೆ ಹಾಕಿ ಕೂರಿಸಿದ ಮೇಲೆ ಒಬ್ಬರಿಗೆ ತುಪ್ಪ ಬಿತ್ತು, ಪಕ್ಕದವರಿಗೆ ಬೀಳಲಿಲ್ಲ ಎಂದರೆ ಅದು ಪಂಕ್ತಿಭೇದ, ಬಡಿಸಿದವರಿಗೆ ಪಾಪ. ಆದರೆ ಏಪ್ರಿಲ್ ಹತ್ತಿರ ಬಂದಿತ್ತು, ಅಜ್ಜಿ ದೂರ ಇದ್ದಳು. “ಸರಿ” ಎಂದೆ.

ಯುಗಾದಿಯ ಹಿಂದಿನ ಗುರುವಾರ ಒಬ್ಬಟ್ಟು ಇಟ್ಟುಕೊಂಡೆ. ಮೇಘನಾ ಲೀಡ್ಸಿನಿಂದಲೇ ಏನೋ ಒತ್ತಿ ಗುರುವಾರದ ಏರ್ಪಾಡು ಮಾಡಿ ಕ್ಲಾಸಿಗೆ ಹೋದಳು. ಐವತ್ತೊಂದು ಜನಕ್ಕೆ ಮಾತ್ರ ಬಾಯಿ. ಹನ್ನೊಂದಾಯಿತು, ‘ಊಟಕ್ಕೆ ಏನು, ಲವ್’ ಬರಲಿಲ್ಲ. ಡೋರೀನ್ ಚಂದಾ ಕಟ್ಟಿರಲಿಲ್ಲ. ಬ್ಯಾಂಕ್ ಕಾರ್ಡಿನ ನಂಬರು ಕಂಪ್ಯೂಟರಿಗೆ ಹೇಳುವ ಪೈಕಿಯಲ್ಲ ಅವಳು. ನಾನು ಆ ಕಡೆ ನೋಡದೆ ಕಣಕ ತಟ್ಟಿ, ಹೂರಣ ತುಂಬಿ, ಒಂದು ಒಬ್ಬಟ್ಟನ್ನು ಕಾದ ಹೆಂಚಿನ ಮೇಲೆ ಹಾಕಿ, ಹೆಂಚಿಗೆ ಬೆನ್ನು ಮಾಡಿ ಕ್ಯಾಮೆರಾಕ್ಕೆ ಯುಗಾದಿಯ ವಿಶೇಷ ವಿವರಿಸತೊಡಗಿದೆ. ಬೇವು ಅಂದೆ, ಬೆಲ್ಲ ಅಂದೆ. ಮಾತು ಉದ್ದವಾಯಿತು. ‘ಎಂಥ ಚೆಂದದ ಬಣ್ಣ ಬರುತ್ತಿದೆ!’ ಎಂದು ಒಬ್ಬ ಚಂದಾದಾರ ಬರೆದ. ‘ಹೊಗೆಯೂ ಸಂಪ್ರದಾಯವೇ?’ ಎಂದು ಇನ್ನೊಬ್ಬಳು ಕೇಳಿದಳು. ಬೇವಿನ ಧೂಪದ ವಿಚಾರ ಕೇಳುತ್ತಿದ್ದಾಳೆ ಎಂದುಕೊಂಡು ನಾನು ಗಂಭೀರವಾಗಿ, “ಹೌದು, ಬಹಳ ಶ್ರೇಷ್ಠ” ಎಂದೆ.

ಮನೆಯ ಫೋನ್ ಹೊಡೆದುಕೊಳ್ಳತೊಡಗಿತು. ಲೈವ್‌ನಲ್ಲಿರುವಾಗ ಫೋನ್ ಎತ್ತಬಾರದೆಂದು ಮೇಘನಾ ಕಟ್ಟಪ್ಪಣೆ. ನಿಂತಿತು; ಮತ್ತೆ ಹೊಡೆಯಿತು. ಅದರ ಜೊತೆಗೇ ತಲೆಯ ಮೇಲಿನ ಹೊಗೆ ಅಲಾರಾಂ ಕಿರುಚಿಕೊಂಡಿತು. ತಿರುಗಿ ನೋಡಿದರೆ ಹೆಂಚಿನ ಮೇಲೆ ಒಬ್ಬಟ್ಟಿಲ್ಲ, ಇದ್ದಿಲಿದೆ. ಒಂದು ಕೈಯಲ್ಲಿ ಒಲೆ ಆರಿಸಿ, ಇನ್ನೊಂದರಲ್ಲಿ ಟವೆಲ್ ಬೀಸುತ್ತ, ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡೆ.

“ಒಬ್ಬಟ್ಟು ಹೊತ್ತುತಾ ಇದೆ ಕಣೇ!” ನಮ್ಮವರು, ಆಸ್ಪತ್ರೆಯ ಕಾಫಿ ರೂಮಿನಿಂದ.

“ನಿಮಗೆ ಹೇಗೆ ಗೊತ್ತಾಯಿತು?”

“ನೋಡ್ತಾ ಇದೀನಲ್ಲ. ಐದು ನಿಮಿಷದಿಂದ ಟೈಪ್ ಮಾಡ್ತಾ ಇದೀನಿ, ಚಂದಾದಾರರಿಗೆ ಮಾತ್ರ ಅಂತ ಹೇಳತ್ತೆ ಅದು.”

“ಅಂದರೆ ನೀವು ಚಂದಾ ಕಟ್ಟಿಲ್ವಾ?”

“ನಾನು ಮನೆಯವನು ಶಾಲಿನಿ. ನನಗೆಂಥ ಚಂದಾ?”

ಐದು ತಿಂಗಳಿಂದ ದಿನಾ ಕಾಫಿಯ ಹೊತ್ತಿಗೆ ನೋಡುತ್ತಿದ್ದರಂತೆ. ಅವತ್ತು ನರ್ಸುಗಳನ್ನೂ ಕರೆದು, ‘ನನ್ನ ಹೆಂಡತಿಯ ಒಬ್ಬಟ್ಟು ನೋಡಿ’ ಎಂದು ಜಂಭ ಕೊಚ್ಚಿಕೊಂಡು ಕೂತಿದ್ದರಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಣ ಕೊಟ್ಟವರಿಗೆ ಹೊತ್ತಿದ್ದು ಗೊತ್ತಾಗಲಿಲ್ಲ; ಗೊತ್ತಾದವರಿಗೆ ನಾನೇ ಬಾಯಿ ಕಟ್ಟಿದ್ದೆ. ಇದು ಅಜ್ಜಿಯ ಕೆಲಸವೇ ಎಂದು ನನಗೆ ಸಂಶಯವೇ ಉಳಿಯಲಿಲ್ಲ.

ಕ್ಲಾಸಿನ ಮಧ್ಯೆಯೇ ಮೇಘನಾಳಿಗೆ ಫೋನ್ ಮಾಡಿದೆ. “ಎಲ್ಲರ ಬಾಯಿ ಬಿಚ್ಚು. ಈಗಲೇ.” “ಅಮ್ಮಾ, ದಟ್ಸ್ ನಾಟ್ ಹೌ ಇಟ್ ವರ್ಕ್ಸ್,” ಎಂದು ಪಿಸುಗುಟ್ಟಿದಳು. “ನಮ್ಮ ಮನೆಯಲ್ಲಿ ಹೀಗೇ ವರ್ಕ್ ಆಗೋದು,” ಎಂದೆ. ಒಂದು ನಿಮಿಷದಲ್ಲಿ ಅಕ್ಷರಗಳು ಕಟ್ಟೆ ಒಡೆದ ಹಾಗೆ ಸುರಿದವು. ಮೊದಲು ಡೋರೀನ್: ‘ಪರದೆಗೇ ಕೂಗಿ ಕೂಗಿ ಗಂಟಲು ಬಿತ್ತು ಲವ್. ಐವತ್ತು ವರ್ಷ ಪ್ಯಾನ್‌ಕೇಕ್ ಮಾಡಿದೀನಿ, ಸೀದದ್ದು ನನಗೆ ಗೊತ್ತಾಗಲ್ವಾ?’ ನಾನು ಮಸಿಯಾದ ಒಬ್ಬಟ್ಟನ್ನು ತಟ್ಟೆಯಲ್ಲಿ ಹಿಡಿದುಕೊಂಡು ಕ್ಷಮೆ ಕೇಳಿದೆ. ಊಟದ ಸಾಲಿನ ವಿಚಾರ, ತುಪ್ಪದ ವಿಚಾರ, ಅಜ್ಜಿಯ ವಿಚಾರ ಹೇಳಿದೆ. ಇನ್ನು ಮೇಲೆ ಗುರುವಾರ ಇಲ್ಲ, ನನ್ನ ಎಲೆಯ ಮುಂದೆ ಕೂತವರೆಲ್ಲ ಒಂದೇ ಎಂದೆ. ಹೇಳುವಾಗ ಒಳಗೆ ಕೌನ್ಸಿಲ್ ಟ್ಯಾಕ್ಸ್ ಕೈಬಿಟ್ಟು ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಹೇಳಿದೆ.

ಆಮೇಲೆ ಒಬ್ಬ ನರ್ಸ್, ‘ಹಾಗಾದರೆ ನನ್ನ ಪಕ್ಕ ಕೂತವರಿಗೆ ನಾನು ಬಡಿಸಲೇ?’ ಎಂದು ಕೇಳಿ, ಡೋರೀನಳ ಹೆಸರಿಗೆ ಒಂದು ತಿಂಗಳ ಚಂದಾ ಉಡುಗೊರೆ ಕೊಟ್ಟಳು. ಹಾಗೆ ಕೊಡಬಹುದೆಂದೇ ನನಗೆ ಗೊತ್ತಿರಲಿಲ್ಲ! ಇನ್ನೊಬ್ಬ ಇನ್ನಿಬ್ಬರಿಗೆ ಕೊಟ್ಟ. ಯಾರಿಗೆ ಬೀಳುತ್ತದೋ ಬೀಳಲಿ ಎಂದು ಒಬ್ಬಳು ಐದು ಎಸೆದಳು. ಹೆಸರುಗಳ ಪಕ್ಕ ಒಗ್ಗರಣೆ ಡಬ್ಬಿಗಳು ಒಂದರ ಹಿಂದೊಂದು ಬಂದು ಕೂತವು. ಆ ವಾರ ಎಂಬತ್ತು ದಾಟಿತು. ಉಡುಗೊರೆಯ ತಿಂಗಳು ಮುಗಿದ ಮೇಲೂ ಅರ್ಧಕ್ಕರ್ಧ ಜನ ತಾವೇ ಕಟ್ಟಿಕೊಂಡು ಕೂತಿದ್ದಾರೆ. ಡೋರೀನ್ ಕೂಡ, ಮೊಮ್ಮಗಳ ಕಾರ್ಡಿನಿಂದ. ಇವತ್ತು ಏಪ್ರಿಲ್ ಕಂತು ನನ್ನ ಅಕೌಂಟಿನಿಂದಲೇ ಹೋಯಿತು. ಮೇ ತಿಂಗಳದ್ದೂ ಹೋದೀತು ಅನ್ನಿಸುತ್ತಿದೆ. ಆಮೇಲಿನದಕ್ಕೆ ಬೇಳೆ ಇದೆ, ಮೊರ ಇದೆ, ನಾನಿದ್ದೇನೆ.

ಈಸ್ಟರ್ ರಜೆಗೆ ಮೇಘನಾ ಬಂದಿದ್ದಾಳೆ. ಬೆಳಿಗ್ಗೆ ಆರಿಸಿದ ಬೇಳೆಯಲ್ಲಿ ಸಂಜೆ ಒಬ್ಬಟ್ಟು ಮಾಡಿದೆ, ಕ್ಯಾಮೆರಾ ಆರಿಸಿ, ಹೆಂಚಿನ ಕಡೆಗೇ ಮುಖ ಮಾಡಿಕೊಂಡು. ಮೂವರೂ ಊಟಕ್ಕೆ ಕೂತೆವು. ನಮ್ಮವರು ಫೋನ್ ತೆಗೆದು ತಮ್ಮ ಹೆಸರಿನ ಪಕ್ಕದ ಒಗ್ಗರಣೆ ಡಬ್ಬಿ ತೋರಿಸಿದರು. ಅವತ್ತು ಎಸೆದ ಐದರಲ್ಲಿ ಒಂದು ಇವರ ಮೇಲೆ ಬಿದ್ದಿತ್ತು! ತಿಂಗಳು ಮುಗಿಯುವ ಹೊತ್ತಿಗೆ ಇನ್ನೊಂದೂ ಬಿತ್ತಂತೆ. ಹೆಂಡತಿಯನ್ನು ನೋಡಲು ಈ ಮನುಷ್ಯನಿಗೆ ಯಾರೋ ಅಪರಿಚಿತರು ದುಡ್ಡು ಕೊಡುತ್ತಿದ್ದಾರೆ. ಇವರು ಈವರೆಗೆ ಒಂದು ಪೆನಿ ಬಿಚ್ಚಿಲ್ಲ. ನಾನು ಮೇಘನಾಳ ಒಬ್ಬಟ್ಟಿಗೆ ಎರಡು ಚಮಚ ತುಪ್ಪ ಹಾಕಿದೆ, ನನಗೆ ಎರಡು, ಅವರಿಗೆ ಒಂದು.

“ಅಮ್ಮಾ,” ಎಂದಳು ಮೇಘನಾ, ಅಪರೂಪಕ್ಕೆ ಕನ್ನಡದಲ್ಲೇ, “ಇದು ಪಂಕ್ತಿಭೇದ ಅಲ್ವಾ?”

“ಇರಲಿ ಬಿಡಮ್ಮ,” ಎಂದರು ಅವರು ತಟ್ಟೆಯಿಂದ ತಲೆ ಎತ್ತದೆ. “ನಂದು ಫ್ರೀ ಸೀಟು.”

ಅವರ ತಟ್ಟೆಗೆ ಮತ್ತೆ ತುಪ್ಪದ ಮಿಳ್ಳೆ ಬಗ್ಗಿಸಿದೆ. ಕೈ ಸ್ವಲ್ಪ ಹೆಚ್ಚೇ ಬಗ್ಗಿತು. ಅನ್ನ, ಒಬ್ಬಟ್ಟಿನ ಸಾರು, ಹಪ್ಪಳ, ತಲೆಗೆ ಮೂರು ಒಬ್ಬಟ್ಟು ಊಟವಾಯಿತು. ಊರವರನ್ನೆಲ್ಲ ಮಲಗಿಸುವುದೇ ಕಸುಬಾದ ನಮ್ಮವರು ಒಂಬತ್ತಕ್ಕೇ ಸೋಫಾದ ಮೇಲೆ ಎಲ್ಲರಿಗಿಂತ ಮೊದಲು ಮಲಗಿದರು, ಆಮೇಲೆ ಮೇಘನಾ. ಈ ಮನೆಯ ಟ್ಯಾಕ್ಸ್ ಕಟ್ಟುವ ನಾನು ಹೊರಗೆ ಹೋಗಿ, ಬೀದಿಗೆಲ್ಲ ಒಂದೇ ಒಂದಾಗಿ ನಿಂತಿದ್ದ ನಮ್ಮ ಬ್ರೌನ್ ಬಿನ್ನನ್ನು ಒಳಗೆ ಎಳೆದುಕೊಂಡು ಬಂದು, ಕೊನೆಗೆ ಮಲಗಿದೆ.