ಯಾರ ಹೆಸರು ಮ್ಯಾಲ?

ಮುಬಶ್ಶೀರನ ಲಗ್ನ ಎರಡು ಸಲ ಮುಂದಕ್ಕೆ ಹೋಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ, ಅವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಲಗ್ನದ ಕಾರ್ಡಿನಲ್ಲಿ ಕರೆಯುವವರ ಸಾಲಿನಲ್ಲಿ ಯಾರ ಹೆಸರು ಮೊದಲು ಬರಬೇಕು ಅನ್ನುವುದೇ ತಕರಾರು. ಎಂಟು ವರ್ಷದವನಿದ್ದಾಗ ಅವನ ಅಪ್ಪ ತೀರಿಕೊಂಡ. ಫೀಸು ಕಟ್ಟಿ ಸಾಲಿ ಕಲಿಸಿದವರು ಅಪ್ಪನ ಅಣ್ಣ ಕರೀಮ ಸಾಬ, ಅವರನ್ನು ಇವನು ತಾಯಾ ಅನ್ನುತ್ತಿದ್ದ. ಜೋಳದ ಚೀಲ ಕಳಿಸಿ ಹೊಟ್ಟೆ ತುಂಬಿಸಿದವರು ಸಂತಪುರದ ಸೋದರಮಾವ ಅಬ್ದುಲ ಗಫೂರ, ಅವರು ಮಾಮೂ. ಈ ಇಬ್ಬರು ಹಿರಿಯರು ಒಬ್ಬರ ಮುಖ ಒಬ್ಬರು ನೋಡದೆ ಏಳು ವರ್ಷವಾಗಿತ್ತು. ಜಗಳ ಯಾವುದಕ್ಕೆ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ. ಹಾಗಂತ ಬಿಡಲಿಕ್ಕಾಗುತ್ತದೆಯೆ?

ಕಡೆಗೆ ತಾಯಿ ಮಹಮೂದಾ ಬೇಗಂ ಎರಡೂ ಮನೆಗೆ ಹೋಗಿ ಸೆರಗೊಡ್ಡಿ ಅತ್ತಳು. ಕಾರ್ಡಿನಲ್ಲಿ ಇಬ್ಬರ ಹೆಸರೂ ಬೇಡ, ತಾಯಿಯ ಹೆಸರೊಂದೇ ಇರಲಿ ಎಂದು ಇತ್ಯರ್ಥವಾಯಿತು. ಅಷ್ಟೇ ಅಲ್ಲ, ಇವತ್ತು ಮಧ್ಯಾಹ್ನ ಇಬ್ಬರೂ ಬೀದರಿನ ಅವಳ ಮನೆಗೆ ಬಂದು, ಒಂದೇ ಚಾಪೆಯ ಮೇಲೆ ಕೂತು ಲಕೋಟೆಗಳಿಗೆ ವಿಳಾಸ ಬರೆಯಲಿಕ್ಕೂ ಒಪ್ಪಿದ್ದರು. ಇತ್ತ ಔರಾದದಿಂದ ಮದುಮಗಳು ಅಂಬರೀನಳ ಅಪ್ಪ ಒಂದು ಮಾತು ಹೇಳಿ ಇಟ್ಟಿದ್ದರು: "ಎರಡು ಸಲ ಸುಮ್ಮನಾದ್ವಿ. ಮೂರನೇ ಸಲ ತಾರೀಖು ಮುಂದಕ್ಕ ಹೋದ್ರ ನಾವು ಬ್ಯಾರೆ ಮನಿ ನೋಡ್ತೇವಿ." ಅಂಬರೀನಳನ್ನು ಮುಬಶ್ಶೀರ ನೋಡಿದ್ದು ಎರಡೇ ಸಲ. ಅಷ್ಟಕ್ಕೇ ಅವನ ನಿದ್ದೆ ಹೋಗಿತ್ತು.

ಬೀದರಿನಲ್ಲಿ ಅವನದು ಕಂಪ್ಯೂಟರ್ ರಿಪೇರಿ ಕೆಲಸ. ಭಾಲ್ಕಿಯ ಲಗ್ನಪತ್ರಿಕೆ ಅಂಗಡಿಯ ಅಂಜನಾಬಾಯಿ ಫೋನ್ ಮಾಡಿ, "ನಮ್ಮ ಮಷೀನು ಸುದ್ದ ಮಾಡಿ ಕೊಡ್ರಿ, ಅವತ್ತೇ ನಿಮ್ಮ ಕಾರ್ಡು ಛಾಪಿಸಿ ಕೊಡ್ತೇವಿ" ಅಂದಿದ್ದಳು. ಇವತ್ತು ಬೆಳಿಗ್ಗೆ ಎಂಟರ ಬಸ್ಸಿಗೆ ಅವನು ಭಾಲ್ಕಿಗೆ ಬಂದಿಳಿದ.

ಆ ಅಂಗಡಿಯನ್ನು ನಡೆಸುವವರು ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಿರು. ಹಿರಿಯಳು ಅಂಜನಾಬಾಯಿ ಹದಿನಾರು ವರ್ಷದಿಂದ ಹಳೆಯ ವಿಂಡೋಸ್‌ನಲ್ಲಿ ಹಳೆಯ ಅಕ್ಷರಗಳನ್ನೇ ಕುಟ್ಟುತ್ತ ಬಂದವಳು. ಕಿರಿಯಳು ಸಿದ್ದೇಶ್ವರಿ ಬೀದರಿನಲ್ಲಿ ಆರು ತಿಂಗಳು ಡಿಸೈನ್ ಕಲಿತವಳು, ಅವಳಿಗೆ ಲಿನಕ್ಸ್ ಇಲ್ಲದೆ ಕೈಯೇ ಓಡುವುದಿಲ್ಲ. ಕಂಪ್ಯೂಟರ್ ಇದ್ದದ್ದು ಒಂದೇ. ಹೋದ ತಿಂಗಳು ಸಿದ್ದೇಶ್ವರಿ ಅದಕ್ಕೆ ಏನೋ ಅಪ್‌ಡೇಟ್ ಕೊಟ್ಟಳು, ಅಂಜನಾಬಾಯಿಯ ಒತ್ತಕ್ಷರಗಳೆಲ್ಲ ಚೌಕ ಡಬ್ಬಿಗಳಾದವು. ಮಲ್ಲೇಶ್ವರಿ ಎಂಬ ಮದುಮಗಳ ಹೆಸರಿನ ನಡುವೆ ಎರಡು ಡಬ್ಬಿ ಕೂತು ಮುನ್ನೂರು ಕಾರ್ಡು ಛಾಪಾದವು. ಅಂದಿನಿಂದ ಅಂಗಡಿಯ ಹಿಂದೆ ಎರಡು ಸ್ಟೋವು, ಎರಡು ಕೆಟ್ಲಿ.

"ಚಿಂತಿ ಬಿಡ್ರಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಡಿಸ್ಕ್ ಮಾಡ್ತೇನಿ" ಅಂದ ಮುಬಶ್ಶೀರ. "ಹಳೇದು ಅಕ್ಕೋರದು, ಹೊಸದು ತಂಗೀದು. ಚಾಲು ಮಾಡಿದ್ ಕೂಡಲೇ ಯಾರದು ಬೇಕು ಅಂತ ಅದೇ ಕೇಳ್ತದ. ಮನಿ ಒಂದೇ, ಒಲಿ ಎರಡು. ಒಬ್ಬರ ಒಲ್ಯಾಗ ಇನ್ನೊಬ್ಬರು ಕೈ ಹಾಕೂ ಮಾತೇ ಇಲ್ಲ."

ಅವನು ಪದ್ಧತಿ ಪ್ರಕಾರ ಕೆಲಸ ಮಾಡುವ ಹುಡುಗ. ಹೊಸ ಡಿಸ್ಕಿಗೆ ಲಿನಕ್ಸ್ ಹಾಕುವಾಗ ಹಳೆಯದಕ್ಕೆ ಧಕ್ಕೆ ಆಗಬಾರದೆಂದು ಹಳೆಯದರ ವೈರು ಕಿತ್ತು ಪಕ್ಕಕ್ಕಿಟ್ಟ. ಅರ್ಧ ತಾಸಿನ ಮೇಲೆ ಅಂಜನಾಬಾಯಿ ಪರದೆ ಇಣುಕಿ ನೋಡಿದಳು. ತನ್ನದೊಂದೂ ಕಾಣಲಿಲ್ಲ.

"ಅಯ್ಯಯ್ಯೋ! ನನ್ನ ಹದಿನಾರು ವರ್ಷದ ಮದುವಿ ಎಲ್ಲಾ ಹೋದವಲ್ಲೋ ಯಪ್ಪಾ!"

ಆ ಕೂಗಿಗೆ ಬಾಜೂ ಅಂಗಡಿಯ ಟೇಲರ್ ಮಡೆಪ್ಪ ಕೊರಳಲ್ಲಿ ಟೇಪಿನ ಸಮೇತ ಓಡಿ ಬಂದ. ಈತ ಖಟಕ ಚಿಂಚೋಳಿಯವನು, ಊರಿನಲ್ಲಿ ಜಗಳ ಬಗೆಹರಿಸುವ ಪಂಚರ ಜೊತೆ ಕೂತು ರೂಢಿಯಿದ್ದವನು. ನ್ಯಾಯ ಎಲ್ಲೇ ಇರಲಿ, ಕರೆಯುವ ತನಕ ಕಾಯುತ್ತಿರಲಿಲ್ಲ. ಮುಬಶ್ಶೀರ ವೈರು ಮತ್ತೆ ಸಿಕ್ಕಿಸಿ ಎಲ್ಲ ಮದುವೆಗಳನ್ನೂ ತೆರೆದು ತೋರಿಸಿದ ಮೇಲೆಯೂ ಮಡೆಪ್ಪ ಸ್ಟೂಲು ಬಿಟ್ಟು ಏಳಲಿಲ್ಲ.

ಈಗ ಕಂಪ್ಯೂಟರ್ ಚಾಲು ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬಂದವು. ಮೇಲೆ ಸಿದ್ದೇಶ್ವರಿ, ಕೆಳಗೆ ಅಂಜನಾಬಾಯಿ. ಹತ್ತು ಸೆಕೆಂಡಿನಲ್ಲಿ ಯಾರೂ ಏನೂ ಒತ್ತದಿದ್ದರೆ ಮೇಲಿನದು ತಾನೇ ತೆರೆಯುತ್ತದೆ.

"ನಾ ಯಾಕ ಕೆಳಗ?" ಅಂದಳು ಅಂಜನಾಬಾಯಿ, ಬಹಳ ಮೆಲ್ಲಗೆ.

"ಈ ಪಟ್ಟಿ ಹೊಸ ಡಿಸ್ಕೇ ಬರ್ಕೊಂಡದ್ರಿ, ಹಂಗಾಗಿ…"

"ಮೊದಲು ಈ ಮನಿಗೆ ಬಂದಾಕಿ ನಾನು."

ಮುಬಶ್ಶೀರ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿದ. ಸಿದ್ದೇಶ್ವರಿ ಕಣ್ಣಿಗೆ ಸೆರಗು ಹಚ್ಚಿದಳು. "ಹೊಸ ಡಿಸ್ಕ್ ತರಿಸಿದಾಕಿ ನಾನು, ಕೆಳಗ ಕೂಡಾಕಿನೂ ನಾನ? ಆಗ್ಲಿ ಬಿಡ್ರಿ. ಈ ಮನ್ಯಾಗ ನನ್ನ ನಸೀಬೇ ಹಂಗ ಅದ."

ಗಂಟೆ ಹನ್ನೊಂದಾಯಿತು. ಮುಬಶ್ಶೀರ ಗಡಿಯಾರ ನೋಡಿದ. ಅವನ ಕಾರ್ಡು ಇನ್ನೂ ಮೊದಲಾಗಿರಲಿಲ್ಲ.

ಮಡೆಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಲಗ್ನಪತ್ರಿಕಿ ಮ್ಯಾಲ ಎಲ್ಲಾರಕಿಂತ ಮ್ಯಾಲ ಯಾರ ಹೆಸರು ಇರ್ತದ? ದೇವರದು. ಇಲ್ಲೂ ಹಂಗ ಮಾಡ್ರಿ. ದೇವರ ಕೆಳಗ ಕೂಡ್ಲಿಕ್ಕ ಯಾರಿಗಿ ಬ್ಯಾಸರ?"

ಹೆಂಗಸರು ತಲೆಯಾಡಿಸಿದರು. ಮುಬಶ್ಶೀರ ವಿಧಿಯಿಲ್ಲದೆ ಮೇಲಿನ ಸಾಲಿನಲ್ಲಿ "ಶ್ರೀ ಕುಲದೇವತಾ ಪ್ರಸನ್ನ" ಅಂತ ಬರೆದ. ಎಲ್ಲರೂ ಚಪ್ಪಲಿ ಬಿಟ್ಟು ನಿಂತರು. ಚಾಲು ಮಾಡಿದ. ಹತ್ತು ಸೆಕೆಂಡು ಕಳೆಯಿತು, ಕುಲದೇವತೆ ತೆರೆಯಿತು. ಅದರ ಹಿಂದೆ ಯಾವ ಡಿಸ್ಕೂ ಇರಲಿಲ್ಲ. ಪರದೆ ಕಪ್ಪಗಾಗಿ ಹಾಗೇ ನಿಂತಿತು. ಐದು ನಿಮಿಷ ಕಾದರು. ಅಂಜನಾಬಾಯಿ ಕೈಮುಗಿದೇ ಇದ್ದಳು.

"ದೇವರು ಸಿಟ್ಟಾಗ್ಯಾನ," ಅಂದ ಮಡೆಪ್ಪ.

"ದೇವರಿಗಿ ಡಿಸ್ಕ್ ಇಲ್ರಿ!" ಅಂತ ಮುಬಶ್ಶೀರ ಚೀರಿದ. ಚೀರಿದವನಿಗೆ ಅಳುವೇ ಬಂತು. ಅಲ್ಲೇ ನೆಲಕ್ಕೆ ಕೂತು ತನ್ನ ಕತೆಯನ್ನೆಲ್ಲ ಹೇಳಿಬಿಟ್ಟ: ತಾಯಾ ಕರೀಮ ಸಾಬ, ಮಾಮೂ ಅಬ್ದುಲ ಗಫೂರ, ಏಳು ವರ್ಷ, ಎರಡು ತಾರೀಖು, ಔರಾದದ ಮಾತು. "ಒಂದು ಹೆಸರು ಮ್ಯಾಲೋ ಕೆಳಗೋ ಅಂತ ನನ್ನ ಲಗ್ನ ನಿಂತದ್ರಿ. ಸಾಕಿದವರು ಇಬ್ಬರ ಹೆಸರೂ ಇಲ್ಲದ ಕಾರ್ಡು ನಂದು. ನೀವಾದ್ರೂ ಹಿಂಗ ಮಾಡಬ್ಯಾಡ್ರಿ."

ಇಬ್ಬರು ನೆಗೆಣ್ಣಿಯರೂ ಒಂದೇ ಸಲ ನಿಟ್ಟುಸಿರು ಬಿಟ್ಟರು.

ಆಗ ಅವನಿಗೆ ಹೊಳೆಯಿತು. ಕೀಬೋರ್ಡಿನ ಮುಂದೆ ಕೂತು ನಾಲ್ಕು ಸಾಲು ಬರೆದ. "ನೋಡ್ರಿ, ಈಗ ಪಾಳಿ. ಹೋದ ಸಲ ಯಾರ ಹೆಸರು ಮ್ಯಾಲ ಇತ್ತೋ, ಈ ಸಲ ಅವರದು ಕೆಳಗ. ಪ್ರತಿ ಸಲ ಅದಲುಬದಲು. ಮಷೀನೇ ನೆನಪಿಟ್ಕೋತದ. ಯಾರೂ ದೊಡ್ಡೋರಲ್ಲ, ಯಾರೂ ಸಣ್ಣೋರಲ್ಲ."

ಮೂರು ಸಲ ಚಾಲು ಮಾಡಿ ನೋಡಿದರು. ಅಂಜನಾಬಾಯಿ ಮೇಲೆ, ಸಿದ್ದೇಶ್ವರಿ ಮೇಲೆ, ಮತ್ತೆ ಅಂಜನಾಬಾಯಿ. ಇಬ್ಬರ ಮುಖವೂ ಅರಳಿತು. "ಎಂಥಾ ನ್ಯಾಯ ಮಾಡಿದ್ಯೋ ತಮ್ಮಾ! ಹೊಟ್ಟಿ ತಣ್ಣಗಿರಲಿ," ಅಂದಳು ಅಂಜನಾಬಾಯಿ. ಮಡೆಪ್ಪನೂ ಒಪ್ಪಿದ, ಅದು ತನ್ನದೇ ಸೂಚನೆಯಾಗಿತ್ತು ಎಂಬಂತೆ.

"ಹೋಗ್ರಿ, ಉಂಡು ಬರ್ರಿ. ಕಾರ್ಡು ನಾವು ಮಾಡಿ, ಕಂಡಕ್ಟರ್ ಕೈಯಾಗ ಬೀದರಿಗೆ ನಿಮ್ಮ ಅಮ್ಮಗ ಕಳಿಸ್ತೇವಿ," ಅಂದಳು ಸಿದ್ದೇಶ್ವರಿ. ಮುಬಶ್ಶೀರ ಕಾರ್ಡಿನ ಒಕ್ಕಣೆ ಬರೆದ ಚೀಟಿ ಕೊಟ್ಟು ಹೋದ. ನಮಾಜು ಮುಗಿಸಿ, ಉಂಡು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸ್ವಲ್ಪ ಒರಗಿದ. ಎಷ್ಟೋ ದಿನದ ನಿದ್ದೆ ಒಮ್ಮೆಲೇ ಬಂದು ಬಿತ್ತು.

ಎಚ್ಚರಾದಾಗ ನಾಲ್ಕು ಗಂಟೆ. ಅಂಗಡಿಗೆ ಓಡಿದ. ನೆಗೆಣ್ಣಿಯರು ಒಂದೇ ಕೆಟ್ಲಿಯ ಚಹಾ ಕುಡಿಯುತ್ತ ಕೂತಿದ್ದರು. ಅದನ್ನು ನೋಡಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು.

"ಕಾರ್ಡು ಎರಡರ ಬಸ್ಸಿಗೇ ಹೋದವು," ಅಂದಳು ಅಂಜನಾಬಾಯಿ. "ನಿನಗೊಂದು ಖುಷಿ ಸುದ್ದಿ ಅದ. ಸಾಕಿದವರ ಹೆಸರು ಇಲ್ಲ ಅಂತ ಅತ್ತಿದ್ದಿಯಲ್ಲ, ನಮ್ಮ ಕರಳು ಚುರ್ ಅಂತು. ಇಬ್ಬರ ಹೆಸರೂ ಹಾಕೀವಿ."

ಮುಬಶ್ಶೀರ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಯಾರದು ಮ್ಯಾಲ?"

"ನಿಂದೇ ನ್ಯಾಯ," ಅಂತ ಸಿದ್ದೇಶ್ವರಿ ಹೆಮ್ಮೆಯಿಂದ ಎರಡು ಕಾರ್ಡು ಮುಂದಿಟ್ಟಳು. "ಒಂದರಾಗ ತಾಯಾ ಮ್ಯಾಲ, ಒಂದರಾಗ ಮಾಮೂ ಮ್ಯಾಲ. ಬ್ಯಾರೆ ಬ್ಯಾರೆ ಗಂಟು ಕಟ್ಟಿದ್ರ ಒಬ್ಬರಿಗಿ ಒಂದೇ ನಮೂನಿದು ಸಿಕ್ಕೀತು ಅಂತ, ಅದೊಂದು ಇದೊಂದು ಜೋಡಿಸಿ ಇಟ್ಟೀವಿ. ಇನ್ನೂರು ಕಾರ್ಡಿನಾಗೂ ಪಾಳಿ ತಪ್ಪಿಲ್ಲ."

ಅವನು ಫೋನ್ ತೆಗೆಯುವುದರೊಳಗೆ ಅದೇ ಹೊಡೆದುಕೊಂಡಿತು. ಅಮ್ಮಿ. ಆಕೆ ಅಳುತ್ತಿದ್ದಳು.

"ಏನ್ ಕಾರ್ಡು ಮಾಡ್ಸಿದ್ಯೋ ಬೇಟಾ? ಚಾಪಿ ಮ್ಯಾಲ ಇಬ್ಬರೂ ಕೂತಿದ್ರು. ತಾಯಾ ಒಂದು ಕಾರ್ಡು ತಗೊಂಡ್ರು, ತಮ್ಮ ಹೆಸರು ಮ್ಯಾಲ ಅದ ಅಂತ ಕಣ್ಣಾಗ ನೀರು ತಂದ್ರು. ಮಾಮೂ ಇನ್ನೊಂದು ತಗೊಂಡ, ಅವನೂ ಅತ್ತ. ನಾ ಅಂದೆ, ಅಲ್ಲಾ ಕಣ್ಣು ಬಿಟ್ಟ. ಆಮ್ಯಾಲ ಎರಡನೇ ಕಾರ್ಡು ಮೊದಲು ಮಾಮೂ ತಗೊಂಡ, ಅವನ ಹಿಂದ ತಾಯಾ…"

"ಈಗೆಲ್ಲಿ ಅದಾರ?"

"ಎರಡು ಆಟೋ ಮಾಡ್ಕೊಂಡು ಹೋದ್ರು."

ಅಮ್ಮಿ ಫೋನ್ ಇಟ್ಟಿದ್ದೇ ತಡ, ತಾಯಾನ ಹೆಸರು ಪರದೆಯ ಮೇಲೆ ಮಿಣುಕಿತು. ಎತ್ತಬೇಕು ಅನ್ನುವಾಗ ಅದರ ಕೆಳಗೇ ಮಾಮೂನ ಹೆಸರೂ ಬಂತು. ಮುಬಶ್ಶೀರನ ಹೆಬ್ಬೆರಳು ನಡುವೆಯೇ ನಿಂತಿತು. ಹೆಂಗಸರಿಬ್ಬರೂ ಅವನ ಹೆಗಲ ಮೇಲಿಂದ ಇಣುಕಿದರು.

"ನಿನ್ನೆ ಯಾರದು ಮೊದಲು ಎತ್ತಿದ್ದಿ?" ಅಂತ ಕೇಳಿದಳು ಅಂಜನಾಬಾಯಿ. "ಇವತ್ತು ಇನ್ನೊಬ್ಬರದು ಎತ್ತು."

ನಿನ್ನೆ ಯಾರದು ಎತ್ತಿದ್ದೆ ಎಂದು ಅವನು ಖರೇನೇ ನೆನಪು ಮಾಡಿಕೊಳ್ಳಲು ನೋಡಿದ. ಅಷ್ಟರಲ್ಲಿ ಎರಡೂ ನಿಂತು ಹೋದವು. ತಿರುಗಿ ಹಚ್ಚೋಣವೆಂದರೆ ಮೊದಲು ಯಾರಿಗೆ ಹಚ್ಚುವುದು? ಮಡೆಪ್ಪನನ್ನು ಕರೆಸಬೇಕೆಂದು ಸಿದ್ದೇಶ್ವರಿ ಸೂಚಿಸಿದಳು. ಐದು ನಿಮಿಷ ಹಾಗೇ ಕಳೆಯಿತು.

ಮತ್ತೆ ಫೋನ್ ಬಂತು. ಔರಾದದ ನಂಬರು. ಈ ಸಲ ಪರದೆಯ ಮೇಲೆ ಇದ್ದದ್ದು ಒಂದೇ ಹೆಸರು. ಅವನು ಎತ್ತಿದ.

"ಈಗ ನಿಮ್ಮ ತಾಯಾ ಫೋನ್ ಮಾಡಿದ್ರು," ಅಂದರು ಅಂಬರೀನಳ ಅಪ್ಪ. "ಅವರ ಹಿಂದೇ ಮಾಮೂನೂ ಮಾಡಿದ್ರು. ಏಳು ವರ್ಷದಾಗ ಇವತ್ತೇ ಮೊದಲ ಸಲ ಇಬ್ಬರೂ ಒಂದೇ ಮಾತು ಆಡ್ಯಾರಪ್ಪಾ. ತಾರೀಖು ಮುಂದಕ್ಕ ಹಾಕ್ರಿ ಅಂದ್ರು."

ಮುಬಶ್ಶೀರ, "ಹೌದ್ರಿ?" ಅಂದ.

"ಹೌದು. ಅವರಿಬ್ಬರು ಒಂದಾದದ್ದು ಒಳ್ಳೇದೇ ಆತು," ಅಂದರು ಅವರು. "ನಾವು ಬ್ಯಾರೆ ಮನಿ ನೋಡ್ತೇವಿ."