ಬರಿದಾಗಿ ಹೋಗದ ಫ್ರಿಜ್ಜು

ಸಿಂಚನಾ, ಲಿಖಿತ್, ನಿಮ್ಮ ದೊಡ್ಡಜ್ಜಿ, ಅಂದರೆ ನಿಮ್ಮ ತಾತನ ಅಕ್ಕ, ಒಂದು ಫ್ರಿಜ್ಜಿಗೆ ಮಡಿಲು ತುಂಬಿ ಕಳಿಸಿದವರು ಎಂದರೆ ನಂಬುತ್ತೀರಾ? ಒಂದು ಸಲವಲ್ಲ, ಮೂರು ಸಲ ಕಳಿಸಿದರು!

ನಾನು ಬಾಯಿಬಿಟ್ಟು ಮಾತಾಡುವವಳಲ್ಲ, ನಿಮಗೆ ಗೊತ್ತು. ಊರ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದರೆ ಪಕ್ಕದ ಹುಡುಗಿ "ಬಂದವ್ಳೆ ಸಾ" ಎನ್ನುತ್ತಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ, ಮಾಗಡಿ ಕಡೆಯ ತಿಪ್ಪಸಂದ್ರದ ಹತ್ತಿರದ ದೊಡ್ಡಜ್ಜಿಯ ಮನೆಗೆ ನಾಲ್ಕು ದಿನ ಇದ್ದು ಬರೋಣವೆಂದು ಹೋದವಳು ಹಾಗೇ ಉಳಿದುಬಿಟ್ಟೆ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರೆ ನನ್ನ ಕಾಲು ಅವರ ಹಳೇ ಫ್ರಿಜ್ಜಿಗೆ ತಗಲುತ್ತಿತ್ತು. ಅವರ ಚನ್ನಪಟ್ಟಣದ ಅಳಿಯ ಹೊಸದು ತಂದುಕೊಟ್ಟಿದ್ದರಿಂದ ಈ ಹಳೆಯದು ಕಿಟಕಿ ಪಕ್ಕದ ಮೂಲೆಯಲ್ಲಿ ಸುಮ್ಮನೆ ಗುರ್ ಎನ್ನುತ್ತ ನಿಂತಿತ್ತು.

ಸಂಕ್ರಾಂತಿ ಕಳೆದದ್ದೇ ತಡ, ನಾನು ಅಕ್ಕ ಎಂದೇ ಕರೆಯುವ ನಿಮ್ಮ ದೊಡ್ಡಜ್ಜಿಗೆ ಏನಾಯಿತೋ!

"ಶಿವ್ರಾತ್ರಿ ಒಳ್ಗೆ ಆ ಮೂಲೆ ಖಾಲಿ ಆಗ್ಬೇಕು ಕಣಮ್ಮಿ."

"ಯಾಕಕ್ಕ?"

"ಆಗ್ಬೇಕು ಅಂದ್ರೆ ಆಗ್ಬೇಕು."

ಯಾಕಿರಬಹುದು? ಕುತೂಹಲ ನನ್ನನ್ನು ತಿಂದುಹಾಕಿತು. ಅದರ ಹಿಂದೆಯೇ ಭಯವೂ ಬಂತು. ಆ ಮನೆಯಲ್ಲಿ ಸುಮ್ಮನೆ ಜಾಗ ಹಿಡಿದುಕೊಂಡಿದ್ದವು ಎರಡು: ಒಂದು ಫ್ರಿಜ್ಜು, ಇನ್ನೊಂದು ನಾನು! ಅದು ಹೊರಟ ಮೇಲೆ ಮುಂದಿನ ಸರದಿ ಯಾರದು?

ಕೊಟ್ಟು ಕಳಿಸುವುದೇನು ಕಷ್ಟ ಎನ್ನುತ್ತೀರಾ? ನಿಮ್ಮ ದೊಡ್ಡಜ್ಜಿಯ ಕಾನೂನು ನಿಮಗೆ ಗೊತ್ತಿಲ್ಲ. ಅವರ ಹೊಸ್ತಿಲು ದಾಟಿ ಯಾವುದೂ ಬರಿದಾಗಿ ಹೋಗಬಾರದು. ಯಾರಾದರೂ ಮೊರ ಕೇಳಿದರೆ ಮೊರದಲ್ಲೊಂದು ಹಿಡಿ ಅಕ್ಕಿ. ಕರೆಂಟ್ ಮೀಟರ್ ನೋಡಲು ಬಂದವನ ಜೇಬಿನಲ್ಲಿ ನಾಲ್ಕು ನಿಂಬೆಹಣ್ಣು. ಅಂಥವರು ಫ್ರಿಜ್ಜನ್ನು ಬಿಟ್ಟಾರೆಯೇ? ಪಕ್ಕದ ಬೀದಿಯ ಕೆಂಪಮ್ಮ ಬೇಕು ಅಂದಿದ್ದಕ್ಕೆ ಒಳಗೆಲ್ಲ ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ ತುಂಬಿ, ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು ಟ್ರ್ಯಾಕ್ಟರ್ ಹತ್ತಿಸಿದರು.

ವಾರ ಕಳೆಯುವುದರೊಳಗೆ ಅದೇ ಟ್ರ್ಯಾಕ್ಟರಿನಲ್ಲಿ ಫ್ರಿಜ್ಜು ತವರಿಗೆ ಬಂತು!

"ಅಕ್ಕಯ್ಯ, ನಮ್ಗೆ ಬ್ಯಾಡ ಕಣವ್ವ. ಇದ್ರ ಸದ್ದಿಗೆ ನಮ್ ಎಮ್ಮೆ ಹಾಲೇ ಕೊಡಾಕಿಲ್ಲ ಅಂತೈತೆ!"

ಆದರೆ ಕೆಂಪಮ್ಮನೂ ಮರ್ಯಾದಸ್ಥಳೇ. ಬಂದ ಪಾತ್ರೆಯನ್ನು ಬರಿದೇ ಹಿಂದಿರುಗಿಸುತ್ತಾರೆಯೇ? ಬಾಗಿಲು ತೆಗೆದರೆ ಒಳಗಿಂದ ಅವರೆಕಾಯಿ ದೊಬದೊಬ ಸುರಿಯಿತು. ಬಿಡಿಸಿ ಬಿಡಿಸಿ ನಮ್ಮ ಉಗುರು ಸವೆದವು.

ಮಿಕ್ಕ ಅವರೆಕಾಯಿಯನ್ನೇ ಮಡಿಲಿಗೆ ತುಂಬಿ ಬಸ್‌ಸ್ಟಾಪಿನ ಟೀ ಅಂಗಡಿ ನಿಂಗಣ್ಣನಿಗೆ ಕಳಿಸಿದ್ದಾಯಿತು. ಅವನೂ ವಾಪಸ್ ತಂದ. ಈ ಸಲ ಒಳಗೆ ಬನ್ನು, ಕೋಡುಬಳೆ!

"ಅಜ್ಜಿ, ಇದು ಆನ್ ಆದ್ರೆ ಅಂಗ್ಡಿ ಬಲ್ಬೇ ಮಂಕಾಯ್ತದೆ. ಟೀಲಿ ನೊಣ ಬಿದ್ರೂ ಗಿರಾಕಿಗೆ ಕಾಣಾಕಿಲ್ಲ."

"ಕಾಣ್ದಿದ್ರೆ ನಿಂಗೇ ಒಳ್ಳೇದಲ್ವೇನ್ಲಾ?"

ಶಿವರಾತ್ರಿ ಹತ್ತಿರ ಬಂತು. ಫ್ರಿಜ್ಜು ವಾಪಸ್ ಬಂದಾಗಲೆಲ್ಲ ಅಕ್ಕನ ಮುಖ ಬಾಡುತ್ತಿತ್ತು. ನನಗೋ ಒಳಗೊಳಗೇ ಸಮಾಧಾನ. ಅದು ಇರುವವರೆಗೆ ನಾನೂ ಇರಬಹುದಲ್ಲ!

ಕೊನೆಗೆ ಮಾಗಡಿಯಿಂದ ಗುಜರಿಯವನನ್ನು ಕರೆಸಿದರು. ಅವನು ತಕ್ಕಡಿ ಸರಿಮಾಡುವಷ್ಟರಲ್ಲಿ ಅಕ್ಕ ಫ್ರಿಜ್ಜಿನೊಳಗೆ ಕುಂಬಳಕಾಯಿ ಜೋಡಿಸುತ್ತಿದ್ದರು.

"ಏನಜ್ಜಿ ಇದು? ಕುಂಬ್ಳಕಾಯ್ಗೂ ಕಬ್ಬಿಣದ ರೇಟ್ ಕೊಡ್ಲಾ?"

"ನಿನ್ ರೇಟು ಯಾರಿಗ್ಬೇಕು? ವಾಪಸ್ ತರಾಕಿಲ್ಲ ಅಂತ ಆಣೆ ಮಾಡು!"

ಪಾಪ, ಅವನು ಕುಂಬಳಕಾಯಿಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೊರಟ. ಮೂಲೆ ಖಾಲಿಯಾಯಿತು.

ಹೇಳಿಸಿಕೊಂಡು ಹೋಗುವುದಕ್ಕಿಂತ ತಾನಾಗಿ ಹೋಗುವುದು ಮೇಲಲ್ಲವೇ? ಮರುದಿನ ನನ್ನ ಸೀರೆಗಳನ್ನು ಚೀಲಕ್ಕೆ ತುಂಬಿ ಬಾಗಿಲಲ್ಲಿ ನಿಂತೆ.

"ಅಕ್ಕ, ಮಧ್ಯಾಹ್ನದ ಬಸ್ಸಿಗೆ ಹೊಂಟೆ."

ಅವರು ಚೀಲವನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದರು. ಕಾಯಿ ತರುತ್ತಾರೇನೋ, ಬೆಲ್ಲವೇನೋ ಎಂದು ಕಾದೆ. ಬರಿಗೈಯಲ್ಲಿ ಬಂದರು! ಗುಜರಿ ಫ್ರಿಜ್ಜಿಗೆ ಮಡಿಲು ತುಂಬಿದವರು ನನ್ನ ಚೀಲಕ್ಕೊಂದು ನಿಂಬೆಹಣ್ಣೂ ಹಾಕಲಿಲ್ಲ. ಗಂಡ ಹೋದವಳಿಗೆ ಯಾರು ಮಡಿಲು ತುಂಬುತ್ತಾರೆ ಎಂದು ನೆನಪಾಗಿ ಕಣ್ಣು ತುಂಬಿತು.

"ಯಾಕಮ್ಮಿ ಹಂಗೇ ನಿಂತ್ಕೊಂಡೆ?"

ಎಂದೂ ಬಾಯಿಬಿಡದ ನಾನು ಅಂದು ಬಾಯಿಬಿಟ್ಟೆ. "ಚೀಲದೊಳ್ಗೆ ನೀವೇನೂ ಹಾಕ್ನಿಲ್ವಲ್ಲ ಅಕ್ಕ."

"ಹೋಗೋರ್ ಚೀಲಕ್ಕಲ್ವಾ ಹಾಕೋದು? ನೀನೆಲ್ಲಿಗೆ ಹೋದೀಯೆ?" ಎಂದು ಚೀಲ ಕಿತ್ತುಕೊಂಡು ಹೋಗಿ ಆ ಖಾಲಿ ಮೂಲೆಯಲ್ಲಿಟ್ಟರು. "ಮಂಚಕ್ಕೆ ಬಡಗೀಗ್ ಹೇಳಿವ್ನಿ. ಶಿವ್ರಾತ್ರಿಗೆ ತತ್ತಾನೆ. ಇನ್ ಮ್ಯಾಕಾದ್ರೂ ಕಾಲ್ ಚಾಚ್ಕೊಂಡ್ ಮಲಿಕ್ಕೊ."

ಮಕ್ಕಳೇ, ಆ ಮಂಚದ ಮೇಲೆ ಕೂತೇ ಇದನ್ನು ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ. ಯಾರಾದರೂ ಓದಲು ಕೇಳಿದರೆ ಕೊಡಿ. ಆದರೆ ಬರೀ ಹಾಳೆ ಕೊಡಬೇಡಿ. ಜೊತೆಗೊಂದು ನಿಂಬೆಹಣ್ಣಾದರೂ ಇರಲಿ.