ಪಾರುಮಾಡುವ ಪೆನ್‌ಡ್ರೈವ್

ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ಮುಕ್ಕಾಲು ಪಾಲು ಜನರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಸ್ಟೆಪ್ನಿ ಇಲ್ಲದೆ ಕಾರನ್ನು ಮುಳಬಾಗಿಲಿನವರೆಗೂ ಒಯ್ಯದ ಮಹಾನುಭಾವರು, ಕಂಪ್ಯೂಟರ್ ಕೈಕೊಟ್ಟರೆ ಏನು ಗತಿ ಎಂದು ಒಂದು ದಿನವೂ ಯೋಚಿಸುವುದಿಲ್ಲ. ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಮಾತ್ರ ಜೇಬಿನಲ್ಲಿ ಸದಾ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿರುತ್ತೇನೆ. ಕಂಪ್ಯೂಟರ್ ತಾನಾಗಿ ಏಳದಿದ್ದಾಗ ಇದನ್ನು ಚುಚ್ಚಿ ಎಬ್ಬಿಸಿ, ಒಳಗಿನ ಫೈಲುಗಳನ್ನು ಪಾರುಮಾಡಬಹುದು. ಇಂಥವು ನೆಟ್ಟಿನಲ್ಲಿ ಸಿದ್ಧವಾಗಿಯೂ ಸಿಗುತ್ತವೆ. ಆದರೆ ಅವುಗಳಲ್ಲಿ ಹಾಡು ಕೇಳಲೊಂದು ಪ್ರೋಗ್ರಾಮ್, ಇಸ್ಪೀಟಾಡಲೊಂದು ಪ್ರೋಗ್ರಾಮ್! ಬಾವಿಗೆ ಬಿದ್ದವನನ್ನು ಎತ್ತಲು ಹೋಗುವವನಿಗೆ ಹಾರ್ಮೋನಿಯಂ ಯಾಕೆ? ನನ್ನದನ್ನು ನಾನೇ ಕಟ್ಟಿದೆ. ಬೇಡದ್ದನ್ನೆಲ್ಲ ಕಿತ್ತೆಸೆದು, ಡಿಸ್ಕ್ ಪರೀಕ್ಷಿಸಲು, ಫೈಲು ನಕಲು ಮಾಡಲು ಬೇಕಾದ ಬೆರಳೆಣಿಕೆಯ ಸಲಕರಣೆಗಳನ್ನಷ್ಟೇ ಉಳಿಸಿದೆ.

ಶ್ರೀನಿವಾಸಪುರದಲ್ಲಿ ಫೋಟೊ ಸ್ಟುಡಿಯೊ ನಡೆಸುವ ನಮ್ಮಕ್ಕನ ಗಂಡ ಮುನಿರಾಜು ಭಾವ ಇದನ್ನು ಕಂಡು, "ಹುಚ್ಚು ಕಣೋ ನಿಂಗೆ" ಎಂದು ನಕ್ಕಿದ್ದರು. ಕಳೆದ ಮಾವಿನ ಕಾಲದಲ್ಲಿ ಅವರದೇ ಕಂಪ್ಯೂಟರ್ ಮಲಗಿತು. ಒಳಗೆ ಬೈರಕೂರಿನ ಮದುವೆಯೊಂದರ ಅಷ್ಟೂ ಫೋಟೊ. ಕ್ಯಾಮೆರಾದ ಕಾರ್ಡನ್ನು ಈ ಜಾಣರು ಆಗಲೇ ಅಳಿಸಿ ಇನ್ನೊಂದು ಮದುವೆಗೆ ಬಳಸಿದ್ದರು.

"ಲೇ, ಬೇಗ ಬಾರೋ! ಹುಡುಗಿ ತಾಯಿ ಬಂದು ಕೂತವ್ರೆ. ಆಲ್ಬಮ್ ತಗೊಂಡೇ ಹೋಗ್ತೀನಿ ಅಂತವ್ರೆ" ಎಂದು ಫೋನಿನಲ್ಲಿ ಗೋಗರೆದರು.

ಮಾವಿನ ಲಾರಿಗಳ ಹಿಂದೆ ತೆವಳಿದ ಬಸ್ಸಿನಲ್ಲಿ ಹೋಗಿ, ಸ್ಟುಡಿಯೊದಲ್ಲಿ ಎಲ್ಲರೆದುರು ಪೆನ್‌ಡ್ರೈವ್ ಚುಚ್ಚಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಹರಿದವು. ಹುಡುಗಿಯ ತಾಯಿ ವೆಂಕಟಮ್ಮ ಎದೆ ಹಿಡಿದುಕೊಂಡು, "ಅಯ್ಯೋ ದೇವುಡಾ, ಅಂತಾ ಪೋಯಿಂದಾ?" ಎಂದು ತೆಲುಗಿನಲ್ಲಿ ಕೂಗಿದರು. "ಎಲ್ಲಾ ಹೋಗಿಲ್ಲಮ್ಮಾ, ಇದು ಹಿಂಗೇ ಇರೋದು" ಎಂದೆ, ತಿಳಿಯದವರ ಮೇಲೆ ಕನಿಕರ ತೋರುತ್ತ.

ಡಿಸ್ಕ್ ಕಂಡಿತು. ತೆರೆಯಲಿಲ್ಲ. ಭಾವನದರಂಥ ಮಾಮೂಲಿ ಕಂಪ್ಯೂಟರುಗಳ ಡಿಸ್ಕ್ ಓದುವ ಸಣ್ಣ ಪ್ರೋಗ್ರಾಮನ್ನೂ, 'ಇದು ದಡ್ಡರಿಗೆ' ಎಂದು ನಾನು ಕಿತ್ತೆಸೆದಿದ್ದೆ. ನನ್ನ ಬಳಿಗೆ ಬರುವವರೆಲ್ಲ ಆ ದಡ್ಡರೇ ಎಂಬುದು ಆಗ ಹೊಳೆದಿರಲಿಲ್ಲ.

"ಏನಾಯ್ತೋ?" ಎಂದರು ಭಾವ.

"ಒಂದು ಸಾಮಾನು ಮನೇಲಿದೆ ಭಾವ. ತಗೊಂಡ್ ಬರ್ತೀನಿ."

ಕೋಲಾರಕ್ಕೆ ಓಡಿ, ಬಿಟ್ಟಿದ್ದನ್ನು ಸೇರಿಸಿ, ಸಂಜೆ ಮರಳಿದೆ. ವೆಂಕಟಮ್ಮ ಕೂತಲ್ಲೇ ಕೂತಿದ್ದರು. ಈ ಸಲ ಡಿಸ್ಕ್ ತೆರೆಯಿತು. ಫೋಟೊಗಳೆಲ್ಲ ಒಂದೂ ಬಿಡದೆ ಹೊರಬಂದವು. ಧಾರೆಯ ಫೋಟೊ ಕಂಡೊಡನೆ ಆಯಮ್ಮನ ಕಣ್ಣು ತುಂಬಿತು. ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸಲು ಮುಖ ಸಜ್ಜು ಮಾಡಿಕೊಂಡೆ.

ವೆಂಕಟಮ್ಮ ನನ್ನ ಬೆನ್ನು ಸವರಿ ಹೇಳಿದರು: "ಹೋಗ್ಲಿ ಬಿಡು ನಾಯ್ನಾ. ಬೆಳಿಗ್ಗೆ ನೀನೇ ಕೆಡಿಸ್ದೆ, ನೀನೇ ಸರಿ ಮಾಡ್ದೆ. ಇನ್ಮೇಲೆ ಗೊತ್ತಿಲ್ದಿರೋದಕ್ಕೆ ಕೈ ಹಾಕ್ಬೇಡ."

ಭಾವ ಅತ್ತ ತಿರುಗಿ ಕೆಮ್ಮತೊಡಗಿದರು. ನಾನು, "ಆಗ್ಲಮ್ಮಾ" ಎಂದೆ.